ಹಳೆಯ ಮದರಾಸು ರಸ್ತೆಯೂ ಮರ್ಫಿ ಟೌನೂ

ಬೆಂಗಳೂರಿನಿಂದ ಮೂಡಣಕ್ಕೆ ಹೊರಟು, ಹಲಸೂರು, ಕೃಷ್ಣರಾಜಪುರ, ಹೊಸಕೋಟೆಗಳನ್ನು ಹಾದು ಕೋಲಾರದ ಕಡೆಗೆ ಸಾಗುವ ದಾರಿಗೆ ಹಳೆಯ ಮದರಾಸು ರಸ್ತೆಯೆಂದು ಹೆಸರು. ಈ ರಸ್ತೆಯ ಬಡಗಣ ಮಗ್ಗುಲಲ್ಲಿ, ಹಲಸೂರು ಕೆರೆಗೆ ಅನತಿದೂರದಲ್ಲಿ, ಮರ್ಫಿ ಟೌನ್ ಇದೆ. ದಾರಿಯು ಊರನ್ನು ಬೆಳೆಸುವುದುಂಟು; ಬೆಳೆದ ಊರಿಗೆ ದಾರಿ ಸಾಲದಾದಾಗ ಅದೇ ದಾರಿಯು ಮನೆಮಳಿಗೆಗಳನ್ನು ಬೇಡುವುದೂ ಉಂಟು. ಹಾಗೆ ಬೇಡುವಾಗ ಆಳುವವರು ಯಾವ ಸಾಧನಗಳನ್ನು ಹಿಡಿದರು, ಯಾವುದನ್ನು ಲೆಕ್ಕಕ್ಕೆ ತೆಗೆದುಕೊಂಡರು, ಯಾವುದನ್ನು ಬಿಟ್ಟರು ಎಂಬುದು ಈ ಭಾಗದ ಚರಿತ್ರೆಯಿಂದ ತಿಳಿಯತಕ್ಕ ಸಂಗತಿಯಾಗಿದೆ.

ಮೊದಲನೆಯ ಸಾಧನವು ಸರಪಣಿ. ಟಿಪ್ಪುಸುಲ್ತಾನನು ಮಡಿದ ಮರುವರ್ಷ, ೧೮೦೦ರ ಅಕ್ಟೋಬರಿನಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಕೃಷ್ಣರಾಜಪುರಕ್ಕೂ ಅಗರಕ್ಕೂ ನಡುವೆ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು ನೂರಡಿಯ ಉಕ್ಕಿನ ಸರಪಣಿಯಿಂದ ಅಳೆಯತೊಡಗಿದನು. ಆ ಕೆಲಸವು ಡಿಸೆಂಬರಿನಲ್ಲಿ ಮುಗಿಯಿತು. ಸರಪಣಿಯು ನೆಲದ ಉದ್ದಗಲಗಳನ್ನು ಕರಾರುವಾಕ್ಕಾಗಿ ಹೇಳಬಲ್ಲುದಾಗಿತ್ತು. ಆ ನೆಲದ ಮೇಲೆ ಬಾಳುವವರ ಸುದ್ದಿಯು ಅದಕ್ಕೆ ಸೇರಿದ್ದಲ್ಲ.

೧೮೦೯ರಲ್ಲಿ ಹಲಸೂರಿನ ಸುತ್ತಣ ಪ್ರದೇಶದಲ್ಲಿ ದಂಡು ನೆಲೆಗೊಂಡಿತು. ೧೮೬೪ರಲ್ಲಿ ಜೋಲಾರಪೇಟೆಯ ಕಡೆಯಿಂದ ರೈಲು ಬಂದಿತು. ೧೮೮೧ರಲ್ಲಿ ರಾಜ್ಯವು ಮೈಸೂರಿನ ಅರಸರಿಗೆ ಮರಳಿದಾಗ ದಂಡು ಮಾತ್ರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. ಹೀಗೆ ಒಂದೇ ರಸ್ತೆಗೆ ಇಬ್ಬರು ಒಡೆಯರಾದರು. ಒಬ್ಬರ ಯೋಜನೆಯು ಮತ್ತೊಬ್ಬರ ಗಡಿಯಲ್ಲಿ ನಿಲ್ಲಬೇಕಾಗಿದ್ದಿತು.

ಎರಡನೆಯ ಸಾಧನವು ಬಡಾವಣೆಯ ನಕ್ಷೆ. ಅದನ್ನು ಕೈಗೆ ಕೊಟ್ಟದ್ದು ೧೮೯೮ರ ಪ್ಲೇಗು ಎಂದರೆ ತಪ್ಪಾಗಲಾರದು. ಇಕ್ಕಟ್ಟಾದ ಕೇರಿಗಳಲ್ಲಿ ರೋಗವು ಹಬ್ಬಿದುದರಿಂದ ಗಾಳಿ ಬೆಳಕುಗಳಿಗೆ ಎಡೆಕೊಡುವ ನೇರ ಬೀದಿಗಳು ಅವಶ್ಯವೆಂಬುದು ಎರಡು ಕಡೆಯವರಿಗೂ ಮನದಟ್ಟಾಯಿತು. ನಗರದ ಕಡೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ದಂಡಿನಲ್ಲಿ ಫ್ರೇಜರ್ ಟೌನ್ ಎದ್ದಿತು. ಮೊದಲು ನಾಕ್ಸ್‌ಪೇಟೆ ಎನಿಸಿಕೊಂಡಿದ್ದ ನೆಲೆಯು ಸ್ಟೇಷನ್ನಿನ ಎಂಜಿನಿಯರಾಗಿದ್ದ ಡಬ್ಲ್ಯು. ಎಚ್. ಮರ್ಫಿಯವರ ಹೆಸರನ್ನು ಪಡೆದು, ದುಡಿಯುವ ಜನರ ಚಿಕ್ಕ ಮನೆಗಳ ಸಾಲುಗಳಿಂದ ಮರ್ಫಿ ಟೌನ್ ಆಯಿತು. ಇಲ್ಲಿ ಬೀದಿಯು ಮನೆಗಾಗಿ ಹುಟ್ಟಿದುದೇ ಹೊರತು ಮನೆಯು ಬೀದಿಗೆ ಅಡ್ಡಿಯೆನಿಸಲಿಲ್ಲ.

೧೯೪೭ರ ಜುಲೈನಲ್ಲಿ ದಂಡು ಮೈಸೂರಿಗೆ ಮರಳಿತು. ೧೯೪೯ರಲ್ಲಿ ನಗರವೂ ದಂಡೂ ಒಂದೇ ಕಾರ್ಪೊರೇಷನ್ನಿಗೆ ಸೇರಿದವು. ಈ ವೇಳೆಗೆ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯೂ ದೂರವಾಣಿ ಕಾರ್ಖಾನೆಯೂ ಮೂಡಲಲ್ಲಿ ತಲೆಯೆತ್ತಿದ್ದವು. ರಸ್ತೆಯ ಮೇಲಣ ಭಾರವು ಹೆಚ್ಚಿತು. ಆಗ ಮೂರನೆಯ ಸಾಧನವಾದ ಶಾಸನವು ಮುಂದೆ ಬಂದಿತು. ೧೯೬೧ರ ನಗರ ಮತ್ತು ಗ್ರಾಮಾಂತರ ಯೋಜನಾ ಶಾಸನವು ಇಡೀ ಊರಿಗೆ ಒಂದು ಮಹಾಯೋಜನೆಯನ್ನು ರಚಿಸಲು ಅಧಿಕಾರವಿತ್ತಿತು. ೧೮೯೪ರ ಭೂಸ್ವಾಧೀನ ಶಾಸನವು ಬೆಲೆಯ ಮೇಲೆ ಶೇಕಡ ೧೫ನ್ನು ಸಾಂತ್ವನಧನವಾಗಿ ಕೊಡಿಸುತ್ತಿದ್ದಿತು. ೧೯೮೪ರಲ್ಲಿ ಅದು ಶೇಕಡ ೩೦ ಆಯಿತು. ಹಣಕ್ಕೆ ಬದಲಾಗಿ, ಬಿಟ್ಟುಕೊಟ್ಟ ನೆಲಕ್ಕೆ ಬೇರೆಡೆ ಕಟ್ಟುವ ಹಕ್ಕನ್ನು ಕೊಡುವ ‘ಅಭಿವೃದ್ಧಿ ಹಕ್ಕುಗಳ ವರ್ಗಾವಣೆ’ ಎಂಬ ಏರ್ಪಾಡೂ ಈ ಶತಮಾನದ ಮೊದಲ ದಶಕದಲ್ಲಿ ಬಳಕೆಗೆ ಬಂದಿತು. ಬೊಕ್ಕಸಕ್ಕೆ ಇದು ಹಗುರ. ಆದರೆ ಆ ಹಕ್ಕು ನೆಲದ ಒಡೆಯನಿಗೆ ಸಲ್ಲುವುದಲ್ಲದೆ, ಅವನ ಮಳಿಗೆಯಲ್ಲಿ ಬಾಡಿಗೆಗಿರುವ ದರ್ಜಿಗಾಗಲಿ ಕ್ಷೌರಿಕನಿಗಾಗಲಿ ಸಲ್ಲುವುದಿಲ್ಲ.

ಈ ಕೊರತೆಯು ಎಷ್ಟು ದೊಡ್ಡದೆಂಬುದು ಮೆಟ್ರೊ ರೈಲಿನ ಕಾಲಕ್ಕೆ ವ್ಯಕ್ತವಾಯಿತು. ಇಂದಿರಾನಗರದ ಚಿನ್ಮಯ ಮಿಷನ್ ಆಸ್ಪತ್ರೆ ರಸ್ತೆಯ ಮೇಲೆ ಮಾರ್ಗವು ಗೊತ್ತಾದಾಗ ಅಲ್ಲಿನ ವರ್ತಕರು ವಿರೋಧಿಸಿ, ಅದು ಹಳೆಯ ಮದರಾಸು ರಸ್ತೆಯಲ್ಲಿಯೇ ಸಾಗಲೆಂದು ವಾದಿಸಿದರು. ಆ ವಾದವು ಗೆಲ್ಲಲಿಲ್ಲ. ಬೈಯಪ್ಪನಹಳ್ಳಿಯಿಂದ ಮಹಾತ್ಮಗಾಂಧಿ ರಸ್ತೆಯವರೆಗಿನ ೬.೭ ಕಿಲೋಮೀಟರ್ ಮಾರ್ಗವು ೨೦೧೧ರ ಅಕ್ಟೋಬರ್ ೨೦ರಂದು ತೆರೆಯಿತು. ನಕ್ಷೆಯ ಮೇಲೆ ಗೆರೆಯೊಂದು ಅತ್ತಿತ್ತ ಸರಿಯುವುದು ಸುಲಭ. ಆದರೆ ಗೆರೆ ಸರಿದಂತೆ ನಷ್ಟವು ಒಂದು ಕೇರಿಯಿಂದ ಮತ್ತೊಂದು ಕೇರಿಗೆ ಸರಿಯುವುದಲ್ಲದೆ ಅಳಿದುಹೋಗುವುದಿಲ್ಲ.

೨೦೧೩ರ ಭೂಸ್ವಾಧೀನ ಶಾಸನವು ಈ ಮಾತನ್ನು ಒಂದಿಷ್ಟು ಒಪ್ಪಿಕೊಂಡಿತು. ಸಾಂತ್ವನಧನವು ಶೇಕಡ ೧೦೦ಕ್ಕೆ ಏರಿತು; ನಗರದಲ್ಲಿ ಮೂರು ವರ್ಷಗಳಿಂದ ಆ ನೆಲದ ಮೇಲೆ ವಾಸಿಸುವ ಅಥವಾ ಅದರಿಂದ ಜೀವನ ಸಾಗಿಸುವ ಕುಟುಂಬವೂ ಬಾಧಿತರ ಲೆಕ್ಕಕ್ಕೆ ಸೇರಿತು. ಲ್ಯಾಂಬ್ಟನ್ನನ ಸರಪಣಿಗೆ ಕಾಣದಿದ್ದ ಬಾಡಿಗೆದಾರನು ಶಾಸನದ ಕಣ್ಣಿಗೆ ಬೀಳಲು ಇನ್ನೂರು ವರ್ಷಗಳಿಗೂ ಮೇಲೆ ಬೇಕಾಯಿತು. ಮುಂದೆ ರಸ್ತೆಯನ್ನು ಅಗಲಿಸುವ ಯಾವ ಯೋಜನೆಯೂ ಅಳತೆಗೆ ಮುನ್ನ ಮರ್ಫಿ ಟೌನಿನಂತಹ ಕೇರಿಗಳಲ್ಲಿ ಯಾರು ವಾಸಿಸುತ್ತಾರೆ, ಯಾವುದರಿಂದ ಹೊಟ್ಟೆ ಹೊರೆಯುತ್ತಾರೆ ಎಂಬುದನ್ನು ಬರೆದುಕೊಳ್ಳುವುದು ಯುಕ್ತ.