ಬುತ್ತಿಯೂ ಸೂಪಶಾಸ್ತ್ರವೂ

ಕಳೆದ ದಸರಾ ರಜೆಯಲ್ಲಿ ಮಕ್ಕಳ ಹಟಕ್ಕೆ ಮಣಿದು ಮೂರು ದಿನದ ಮಟ್ಟಿಗೆ ಮೈಸೂರಿಗೆ ಹೊರಟೆವು. ಮಡಿಕೇರಿಯಿಂದ ಅದೇನು ದೂರದ ಹಾದಿಯಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ತಲಪಬಹುದು. ಅಷ್ಟಕ್ಕೇ ನನ್ನಾಕೆ ಹಿಂದಿನ ರಾತ್ರಿ ಹನ್ನೊಂದು ಗಂಟೆಯವರೆಗೆ ಒಲೆಯ ಮುಂದೆ ನಿಂತಿದ್ದಳು. ಪುಳಿಯೋಗರೆ, ಮೊಸರನ್ನ, ಚಪಾತಿ, ಬದನೆಕಾಯಿ ಎಣ್ಣೆಗಾಯಿ, ಜೊತೆಗೆ ಒಂದು ಡಬ್ಬಿ ಚಕ್ಕುಲಿ. “ಫೋನಿನಲ್ಲಿ ಹೇಳಿದರೆ ಊಟ ಕೋಣೆಯ ಬಾಗಿಲಿಗೇ ಬರುವ ಕಾಲ, ಇದೆಲ್ಲ ಏಕೆ?” ಎಂದೆ. “ಬುತ್ತಿಯಿಲ್ಲದೆ ಮನೆ ಬಿಡುವುದುಂಟೆ?” ಎಂದಳು.

ಅವಳ ಮಾತಿಗೆ ಶಾಸ್ತ್ರಾಧಾರವಿದೆ. ಪಥದಲ್ಲಿ ಉಣ್ಣುವುದಕ್ಕಾಗಿ ಕಟ್ಟಿಕೊಂಡದ್ದು ಪಾಥೇಯ. ಸಂಸ್ಕೃತದಲ್ಲಿ ಅದಕ್ಕೇ ಶಂಬಲ ಎಂಬ ಇನ್ನೊಂದು ಹೆಸರು. ನಾವು ತಿಂಗಳ ಕೊನೆಗೆ ಎಣಿಸಿಕೊಳ್ಳುವ ಸಂಬಳ ಆ ಶಬ್ದದಿಂದಲೇ ಬಂದದ್ದೆಂದು ಬಲ್ಲವರು ಹೇಳುತ್ತಾರೆ. ಹಾದಿಯ ಅನ್ನ ಕ್ರಮೇಣ ದುಡಿಮೆಯ ಹಣವಾಯಿತು. ನನ್ನ ಮನೆಯ ಮಟ್ಟಿಗೆ ಒಂದು ಶಂಬಲವನ್ನು ನಾನು ತರುತ್ತೇನೆ, ಇನ್ನೊಂದನ್ನು ಅವಳು ಕಟ್ಟುತ್ತಾಳೆ. ರಜೆ ಮಾತ್ರ ನನಗೊಬ್ಬನಿಗೇ ಎಂಬುದು ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ.

ಪಿರಿಯಾಪಟ್ಟಣ ದಾಟಿ ಬಸ್ಸು ಹುಣಸೂರಿನಲ್ಲಿ ನಿಂತಿತು. ಕನ್ನಡದ ಮೇಷ್ಟರಿಗೆ ಹುಣಸೂರೆಂದರೆ ಸುಮ್ಮನಿರಲು ಸಾಧ್ಯವೆ? ಆ ತಾಲ್ಲೂಕಿನ ಕಲ್ಲಹಳ್ಳಿಯೇ ಮೂರನೆಯ ಮಂಗರಸನ ಊರು. ಸುಮಾರು 1508ರ ಹೊತ್ತಿಗಿದ್ದ ಈ ಜೈನ ಪ್ರಭು ‘ಸಮ್ಯಕ್ತ್ವ ಕೌಮುದಿ’, ‘ಜಯನೃಪ ಕಾವ್ಯ’ ಮೊದಲಾದ ಗ್ರಂಥಗಳನ್ನು ರಚಿಸಿದ. ಅಷ್ಟರಲ್ಲೇ ತೃಪ್ತನಾಗದೆ ಅಡಿಗೆಯ ಮೇಲೆ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದ. ಭಕ್ಷ್ಯಗಳು, ಪಾನಕಗಳು, ಪಾಯಸ, ಕಲಸಿದ ಅನ್ನಗಳು, ಹಲಸು, ಬಾಳೆ, ಕಳಲೆ ಎಲ್ಲಕ್ಕೂ ಅಲ್ಲಿ ಎಡೆಯುಂಟು. ಬದನೆಕಾಯಿಯೊಂದರಲ್ಲೇ ಸುಮಾರು 20 ಬಗೆ! ನಮ್ಮ ಎಣ್ಣೆಗಾಯಿಯ ಡಬ್ಬಿ ತೊಡೆಯ ಮೇಲಿದ್ದುದರಿಂದ ನನ್ನ ಉತ್ಸಾಹ ಇಮ್ಮಡಿಸಿತು.

ಅಡಿಗೆಯನ್ನು ಬರಹಕ್ಕೆ ಇಳಿಸಿದವರಲ್ಲಿ ಅವನೇ ಮೊದಲಿಗನಲ್ಲ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಬೇಸಾಯ, ಜಲಶೋಧನೆಗಳ ಜೊತೆ ಪಾಕವನ್ನೂ ಸೇರಿಸಿದ್ದ. ಕಲ್ಯಾಣದ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ವನ್ನು ಸಂಸ್ಕೃತದಲ್ಲಿ ಬರೆದಾಗ ಮೀನು ಮಾಂಸಗಳನ್ನೂ ಬಿಡಲಿಲ್ಲ.

ಆದರೆ ಮಂಗರಸನ ಅಡಿಗೆಮನೆಯನ್ನು ನಮ್ಮದರಂತೆ ಕಲ್ಪಿಸಿಕೊಂಡರೆ ತಪ್ಪಾದೀತು. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅಮೆರಿಕದ ಫಲಗಳು ನಮ್ಮ ನೆಲಕ್ಕೆ ಇಳಿದದ್ದು ಅವರ ಹಡಗುಗಳಿಂದ. ಎಂದಮೇಲೆ ಅವನಲ್ಲಿ ಮೆಣಸಿನಕಾಯಿಯಿಲ್ಲ, ಆಲೂಗೆಡ್ಡೆಯಿಲ್ಲ, ಟೊಮೇಟೊ ಇಲ್ಲ. ಖಾರವೆಂದರೆ ಮೆಣಸು, ಶುಂಠಿ. ಹೊರಗಿನಿಂದ ಬಂದ ಕಾಯಿಗೆ ನಮ್ಮವರು ಮನೆಯ ಮೆಣಸಿನ ಹೆಸರನ್ನೇ ಕೊಟ್ಟರು. ಈಗ ಮನೆಯ ಮೆಣಸೇ ‘ಕರಿಮೆಣಸು’ ಎಂದು ವಿಶೇಷಣ ಹೊತ್ತು ನಿಂತಿದೆ. ಪುಳಿಯೋಗರೆಯದು ಬೇರೆ ಕಥೆ. ‘ಪುಳಿ’ ನಡುಗನ್ನಡದ ಹೊತ್ತಿಗೆ ‘ಹುಳಿ’ಯಾಯಿತು, ‘ಓಗರ’ ಮಾತಿನಿಂದ ಬಹುಮಟ್ಟಿಗೆ ಮರೆಯಾಯಿತು. ಆದರೂ ಈ ಅನ್ನ ತನ್ನ ಪಕಾರವನ್ನು ಬಿಟ್ಟುಕೊಟ್ಟಿಲ್ಲ. ನೆರೆಯ ತಮಿಳಿನ ಸಹವಾಸ ಅದಕ್ಕೆ ಆಸರೆಯಾಗಿರಲೂಬಹುದು.

ಇಷ್ಟನ್ನೂ ಬಸ್ಸಿನಲ್ಲಿಯೇ ಹೇಳಿದೆ. ಹತ್ತನೆಯ ತರಗತಿಯ ಮಗಳು ಕೇಳಿದಳು: “ಅಪ್ಪ, ಮಂಗರಸ ತಾನೇ ಅಡಿಗೆ ಮಾಡುತ್ತಿದ್ದನೆ?”

ಪ್ರಭುವಾದವನು ಒಲೆ ಊದಿರಲಾರ ಎಂದೆ. “ಹಾಗಾದರೆ ಬದನೆಕಾಯಿಯ ಇಪ್ಪತ್ತು ಬಗೆ ಅವನಿಗೆ ಹೇಳಿಕೊಟ್ಟವರು ಯಾರು?” ನನ್ನಲ್ಲಿ ಉತ್ತರವಿರಲಿಲ್ಲ. ಕಂಟ ಹಿಡಿದವನ ಹೆಸರು ಐನೂರು ವರ್ಷ ಉಳಿಯಿತು. ಸೌಟು ಹಿಡಿದವರದು ಒಲೆಯ ಬೂದಿಯೊಡನೆ ಹೋಯಿತು. ನನ್ನಾಕೆ ಕಿಟಕಿಯಾಚೆ ನೋಡುತ್ತಿದ್ದಳು.

ಮೈಸೂರಿನಲ್ಲಿ ಎಲ್ಲರೂ ನೋಡುವುದನ್ನೇ ನೋಡಿದೆವು. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಗಿ, 1912ರಲ್ಲಿ ಮುಗಿದ ಇಂದಿನ ಅರಮನೆ, ವಸ್ತುಪ್ರದರ್ಶನ, ದೀಪಗಳು. ಮೈಸೂರುಪಾಕನ್ನು ಕೊಂಡೆವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರು ಅದನ್ನು ಮೊದಲು ಮಾಡಿದರೆಂದು ಮೈಸೂರಿನವರು ಹೇಳುತ್ತಾರೆ. ಒಬ್ಬ ಅಡಿಗೆಯವರ ಹೆಸರಾದರೂ ಉಳಿಯಿತಲ್ಲ ಎನಿಸಿತು. ಅರಮನೆಯ ಅಡಿಗೆಯವರಾದ್ದರಿಂದ ಉಳಿಯಿತು ಎಂದೂ ಎನಿಸಿತು.

ಬುತ್ತಿ ಮೊದಲ ರಾತ್ರಿಗೇ ಮುಗಿಯಿತು. ಮರುದಿನ ಬೆಳಿಗ್ಗೆ ಒಂದು ಸಾಧಾರಣ ಹೋಟೆಲಿನಲ್ಲಿ ಮಸಾಲೆದೋಸೆ ತರಿಸಿದೆವು. ಅಂಥ ರುಚಿಯೇನೂ ಇರಲಿಲ್ಲ. ನಾನು ಹಾಗೆಂದು ಟೀಕೆ ಆರಂಭಿಸಿದೆ. ನನ್ನಾಕೆ ನಿಧಾನವಾಗಿ ತಿನ್ನುತ್ತಾ, “ನನಗೆ ಚೆನ್ನಾಗಿದೆ. ಇದನ್ನು ನಾನು ಮಾಡಿದ್ದಲ್ಲ” ಎಂದಳು. ಆಮೇಲೆ ನಾನು ಆ ದೋಸೆಯ ವಿಚಾರ ಎತ್ತಲಿಲ್ಲ.

ನನ್ನ ತಾಯಿ ಮಾಡುತ್ತಿದ್ದ ಪುಳಿಯೋಗರೆ ಗೊಜ್ಜು ತಿಂಗಳಾದರೂ ಕೆಡುತ್ತಿರಲಿಲ್ಲ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಬಿ.ಎ. ವಿದ್ಯಾರ್ಥಿಗಳಿಗೆ ಸೂಪಶಾಸ್ತ್ರದ ಹೆಗ್ಗಳಿಕೆಯನ್ನು ವರ್ಷವರ್ಷವೂ ಹೇಳುವ ನಾನು, ಅಮ್ಮನ ಗೊಜ್ಜಿಗೆ ಬೆಲ್ಲವೆಷ್ಟು, ಎಳ್ಳೆಷ್ಟು ಎಂದು ಒಮ್ಮೆಯೂ ಕೇಳಿ ಬರೆದುಕೊಳ್ಳಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಇದನ್ನು ಬಾಯಿಬಿಟ್ಟು ಹೇಳಿದೆ. “ಅತ್ತೆ ಅಳತೆ ಹೇಳುತ್ತಿರಲಿಲ್ಲ, ಎಳ್ಳು ಹುರಿಯುವಾಗ ಸದ್ದು ಕೇಳು ಎನ್ನುತ್ತಿದ್ದರು” ಎಂದಳು ನನ್ನಾಕೆ. ಮಗಳು ನೋಟು ಪುಸ್ತಕ ತೆಗೆದಳು. ಒಣಮೆಣಸಿನಕಾಯಿ ಹನ್ನೆರಡು, ಮೆಂತ್ಯ ಅರ್ಧ ಚಮಚ, ಎಳ್ಳು ಚಟಪಟ ಎನ್ನುವವರೆಗೆ. ಹುಣಸೆಹಣ್ಣಿಗೆ ಬಂದಾಗ ನನ್ನಾಕೆ, “ಒಂದು ಹಿಡಿ” ಎಂದಳು.

“ಯಾರ ಹಿಡಿ, ಅಮ್ಮ? ನಿಮ್ಮದೋ, ಅಜ್ಜಿಯದೋ?”

ನನ್ನಾಕೆ ತನ್ನ ಮುಷ್ಟಿ ಕಟ್ಟಿ ನೋಡಿಕೊಂಡು, ಬೆರಳುಗಳನ್ನು ತುಸು ಸಡಿಲಿಸಿದಳು. “ಅವರ ಕೈ ಇದಕ್ಕಿಂತ ದೊಡ್ಡದು” ಎಂದಳು. ಬಸ್ಸು ಹುಣಸೂರನ್ನು ದಾಟುತ್ತಿತ್ತು.