ಮೊದಲ ಋತುವಿನ ಲೆಕ್ಕ

ಹಾಸನದಿಂದ ಅರಸೀಕೆರೆ ಕಡೆಗೆ ಹೊರಟವರಿಗೆ ದಾರಿಯಲ್ಲಿ ದುದ್ದ ಸಿಗುತ್ತದೆ. ಅರಸೀಕೆರೆಯಿಂದ ಪಶ್ಚಿಮಕ್ಕೆ ತಿರುಗಿದರೆ ಜಾವಗಲ್. ರಾಗಿ ಹೊಲ, ತೆಂಗಿನ ತೋಟ, ಬೇಸಿಗೆಗೆ ಬತ್ತುವ ಕೆರೆಗಳ ಈ ಸೀಮೆಯ ಹುಡುಗರಿಗೆ ಕ್ರಿಕೆಟ್ ಎಂದರೆ ಟೆನಿಸ್ ಚೆಂಡಿನ ಆಟ. ಆಟ ಮುಗಿದ ಮೇಲೆ ಟೀ ಅಂಗಡಿಯ ಮುಂದೆ ನಡೆಯುವ ವಾದ ಆಟಕ್ಕಿಂತಲೂ ಉದ್ದ. ಅಂಥ ವಾದಗಳಲ್ಲಿ ಒಂದು ಯಾವತ್ತೂ ತೀರ್ಮಾನವಾಗುವುದಿಲ್ಲ. ದೊಡ್ಡ ಅಂಗಳಕ್ಕೆ ಕಾಲಿಟ್ಟ ಮೊದಲ ವರ್ಷದಲ್ಲೇ ಎಲ್ಲರನ್ನೂ ಬೆರಗುಗೊಳಿಸಿದವರು ಯಾರು?

ಅಮೆರಿಕದವರಿಗೂ ಈ ಚಟ ಇದೆ. ಅಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಎಂಬುದು ಒಂದು ದೊಡ್ಡ ಜಾತ್ರೆ. ಮೊದಲ ವರ್ಷದ ವಿದ್ಯಾರ್ಥಿಯಾಗಿ ಅತ್ಯುತ್ತಮವಾಗಿ ಆಡಿದವರು ಯಾರೆಂದು ಕೇಳಿದರೆ ಒಬ್ಬರು 2003ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯಕ್ಕೆ ಚಾಂಪಿಯನ್ ಪಟ್ಟ ತಂದ ಕಾರ್ಮೆಲೊ ಆಂಥೊನಿಯ ಹೆಸರು ಹೇಳುತ್ತಾರೆ. ಇನ್ನೊಬ್ಬರು 2007ರ ಕೆವಿನ್ ಡ್ಯುರಾಂಟ್ ಎನ್ನುತ್ತಾರೆ, ಮತ್ತೊಬ್ಬರು 2012ರಲ್ಲಿ ಕೆಂಟಕಿಯನ್ನು ಗೆಲ್ಲಿಸಿದ ಆಂಥೊನಿ ಡೇವಿಸ್ ಎನ್ನುತ್ತಾರೆ. ಆದರೆ ನನಗೆ ಅಲ್ಲಿನ ಅತ್ಯಂತ ಕುತೂಹಲದ ಮೊದಲ ವರ್ಷ ದಾಖಲೆಗಳ ಲೆಕ್ಕಕ್ಕೇ ಬಾರದ ಒಂದು ವರ್ಷ. 1972ಕ್ಕೆ ಮುಂಚೆ ಅಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ಕಾಲೇಜಿನ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಅವರದೇ ಬೇರೆ ತಂಡ. 1965ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಹೊಸ ಹುಡುಗರು ತಮ್ಮದೇ ಮುಖ್ಯ ತಂಡದ ಎದುರು ಆಡಿದರು. ಮುಖ್ಯ ತಂಡವೋ, ಸತತ ಎರಡು ವರ್ಷ ದೇಶದ ಚಾಂಪಿಯನ್ ಆಗಿದ್ದದ್ದು. ಹುಡುಗರು 75-60ರಿಂದ ಗೆದ್ದುಬಿಟ್ಟರು. ಅದರಲ್ಲಿ 31 ಅಂಕ ಒಬ್ಬನದೇ. ನ್ಯೂಯಾರ್ಕಿನಿಂದ ಬಂದ ಆ ಎತ್ತರದ ಕಪ್ಪು ಹುಡುಗನ ಹೆಸರು ಆಗ ಲ್ಯೂ ಅಲ್ಸಿಂಡರ್. ಮುಂದೆ ಇಸ್ಲಾಂ ಸ್ವೀಕರಿಸಿ 1971ರಿಂದ ಲೋಕಕ್ಕೆಲ್ಲ ಕರೀಮ್ ಅಬ್ದುಲ್ ಜಬ್ಬಾರ್ ಎಂದು ಪರಿಚಿತರಾದವರು ಇವರೇ. ನಿಯಮ ಅವರ ಮೊದಲ ವರ್ಷವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮುಂದಿನ ಮೂರು ವರ್ಷಗಳಲ್ಲಿ ಅವರಿದ್ದ ತಂಡ ಮೂರೂ ಬಾರಿ ಚಾಂಪಿಯನ್ ಆಯಿತು. ಚೆಂಡನ್ನು ಮೇಲಿನಿಂದ ಬುಟ್ಟಿಗೆ ತುರುಕುವ ಹೊಡೆತವನ್ನೇ 1967ರಲ್ಲಿ ಕಾಲೇಜು ಆಟದಲ್ಲಿ ನಿಷೇಧಿಸಲಾಯಿತು. ಎತ್ತರದವನನ್ನು ತಗ್ಗಿಸಲು ನಿಯಮ ತಿದ್ದುವುದು ಎಲ್ಲ ದೇಶಗಳಿಗೂ ಗೊತ್ತಿರುವ ವಿದ್ಯೆ.

ನಮ್ಮಲ್ಲಿ ಕಾಲೇಜು ಆಟಕ್ಕೆ ಆ ವೈಭವವಿಲ್ಲ. ವಿಶ್ವವಿದ್ಯಾಲಯಗಳ ನಡುವಿನ ರೋಹಿಂಟನ್ ಬಾರಿಯಾ ಟ್ರೋಫಿಯ ಹೆಸರು ಇಂದಿನ ಹುಡುಗರಿಗೆ ಗೊತ್ತಿದ್ದರೆ ಅದೇ ಹೆಚ್ಚು. ನಮ್ಮ ಹುಡುಗರು ಪಾಸಾಗಬೇಕಾದ ಪರೀಕ್ಷೆ ರಣಜಿ. ಆದ್ದರಿಂದ ಕರ್ನಾಟಕದ ವಾದವನ್ನು ರಣಜಿಯಿಂದಲೇ ಆರಂಭಿಸಬೇಕು.

ವಾದಕ್ಕೆ ಇಳಿಯುವ ಮುನ್ನ ಒಂದು ಎಚ್ಚರ ಅಗತ್ಯ. ಹಳಬರ ಅಂಕಿಗಳನ್ನು ಹೊಸಬರ ಅಂಕಿಗಳ ಜೊತೆ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ. 2002ರವರೆಗೂ ರಣಜಿಯ ಲೀಗ್ ಪಂದ್ಯಗಳು ವಲಯದೊಳಗೇ ನಡೆಯುತ್ತಿದ್ದವು. ಮೈಸೂರು ತಂಡಕ್ಕೆ ಮದ್ರಾಸು, ಹೈದರಾಬಾದ್, ಆಂಧ್ರ, ಕೇರಳ ಎದುರಾಳಿಗಳು, ಎಂಬತ್ತರ ದಶಕದಲ್ಲಿ ಗೋವಾ ಸೇರಿತು. ನಾಲ್ಕೈದು ಪಂದ್ಯಗಳಲ್ಲಿ ವರ್ಷ ಮುಗಿದುಹೋಗಬಹುದಿತ್ತು. ಒಂದು ಪಂದ್ಯಕ್ಕೆ ಮಳೆ ಬಂದರೆ ಹೊಸ ಹುಡುಗನ ವರ್ಷದ ಕಾಲುಭಾಗ ನೀರುಪಾಲು.

ಮೊದಲ ಹೆಸರು ಎಲ್ಲರಿಗೂ ಗೊತ್ತಿರುವುದೇ. ಭದ್ರಾವತಿಯ ಗುಂಡಪ್ಪ ವಿಶ್ವನಾಥ್ 1967ರ ನವೆಂಬರ್‌ನಲ್ಲಿ ಆಂಧ್ರದ ವಿರುದ್ಧ ಮೈಸೂರಿನ ಪರ ಮೊದಲ ಪಂದ್ಯ ಆಡಿದರು. ಗಳಿಸಿದ್ದು 230. ವಯಸ್ಸು 18. ಎರಡು ವರ್ಷದ ನಂತರ ಕಾನ್ಪುರದಲ್ಲಿ ಆಸ್ಟ್ರೇಲಿಯ ವಿರುದ್ಧ ಟೆಸ್ಟ್ ಪದಾರ್ಪಣೆ, ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಈ ಎರಡು ಅಂಕಿಗಳನ್ನು ಹೇಳಿ ವಾದ ಮುಗಿಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಇನಿಂಗ್ಸ್ ಎಷ್ಟೇ ದೊಡ್ಡದಾದರೂ ಅದು ಒಂದು ಋತುವಲ್ಲ. ಎದುರಾಳಿ ನಿಮ್ಮನ್ನು ಒಮ್ಮೆ ನೋಡಿ, ನಿಮ್ಮ ದೌರ್ಬಲ್ಯ ಅರಿತು ಮತ್ತೆ ಬಂದಾಗ ನೀವು ಏನು ಮಾಡಿದಿರಿ ಎಂಬುದು ಋತುವಿನ ಪ್ರಶ್ನೆ.

ಆ ಅಳತೆಯಲ್ಲಿ ಬಿ. ಎಸ್. ಚಂದ್ರಶೇಖರ್ ಮೇಲೇಳುತ್ತಾರೆ. ಬಾಲ್ಯದಲ್ಲಿ ಪೋಲಿಯೊ ತಗುಲಿ ಸೊರಗಿದ ಬಲಗೈಯಿಂದಲೇ ಅವರು ಚೆಂಡು ಎಸೆಯುತ್ತಿದ್ದದ್ದು. 1963-64ರಲ್ಲಿ ಮೈಸೂರಿನ ಪರ ಆಡತೊಡಗಿದರು. ಅದೇ ಋತುವಿನಲ್ಲಿ, 1964ರ ಜನವರಿಯಲ್ಲಿ, ಮುಂಬೈಯಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಆಡಿದರು. ಮೊದಲ ಇನಿಂಗ್ಸ್‌ನಲ್ಲೇ ನಾಲ್ಕು ವಿಕೆಟ್. ಕೆಲವೇ ತಿಂಗಳಲ್ಲಿ ರಾಜ್ಯ ತಂಡದಿಂದ ದೇಶದ ತಂಡಕ್ಕೆ, ಅದೂ ವೈದ್ಯರು ದುರ್ಬಲವೆಂದು ಹೇಳಬಹುದಾದ ಕೈಯನ್ನು ನೆಚ್ಚಿಕೊಂಡು. ಅವರ ಜೊತೆಗಾರ ಎರಪಳ್ಳಿ ಪ್ರಸನ್ನರದು ಇದಕ್ಕೆ ತದ್ವಿರುದ್ಧ ಕಥೆ. 1961-62ರ ತಮ್ಮ ಮೊದಲ ಋತುವಿನಲ್ಲೇ ಟೆಸ್ಟ್ ಆಡಿ, ವೆಸ್ಟ್ ಇಂಡೀಸ್ ಪ್ರವಾಸವನ್ನೂ ಮುಗಿಸಿ ಬಂದವರು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಲು ಕುಳಿತರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಮಧ್ಯಮ ವರ್ಗದ ಮನೆಗಳಲ್ಲಿ ಆಟಕ್ಕೂ ಪದವಿಗೂ ನಡೆಯುವ ಜಗ್ಗಾಟ ಏನೆಂದು ತಿಳಿಯಲು ಈ ಐದು ವರ್ಷ ಸಾಕು.

ಇನ್ನು ಸೈಯದ್ ಮುಜ್ತಬಾ ಹುಸೇನ್ ಕಿರ್ಮಾನಿ. ಇವರ ಮೊದಲ ಟೆಸ್ಟ್ ಋತುವನ್ನು ನಮ್ಮವರು ಯಾಕೋ ಬೇಗ ಮರೆಯುತ್ತಾರೆ. 1971ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಹೋದರು, 1974ರಲ್ಲಿ ಮತ್ತೆ ಹೋದರು. ಎರಡು ಸಲವೂ ಫಾರೂಕ್ ಇಂಜಿನಿಯರ್ ವಿಕೆಟ್ ಹಿಂದೆ ನಿಂತರು, ಇವರು ಪೆವಿಲಿಯನ್‌ನಲ್ಲಿ ಕುಳಿತರು. ಕೊನೆಗೆ 1976ರ ಜನವರಿಯಲ್ಲಿ ಆಕ್ಲೆಂಡ್‌ನಲ್ಲಿ ಮೊದಲ ಟೆಸ್ಟ್. ಆಗ ಅವರಿಗೆ 26. ಕ್ರೈಸ್ಟ್‌ಚರ್ಚ್‌ನಲ್ಲಿ ಆಡಿದ ಎರಡನೆಯ ಟೆಸ್ಟ್‌ನಲ್ಲೇ ಒಂದು ಇನಿಂಗ್ಸ್‌ನಲ್ಲಿ ಆರು ಬಲಿ ಪಡೆದು ಅಂದಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ಐದು ವರ್ಷ ಕಾದ ಕೈಗಳು ಅವು. ವಿಕೆಟ್ ಕೀಪರ್ ಕೆಲಸ ಮಸೀದಿಯ ಮುಅದ್ದಿನ್ ಕೆಲಸದಂತೆ, ತಪ್ಪಿದ ದಿನ ಮಾತ್ರ ಜನರ ಗಮನಕ್ಕೆ ಬರುತ್ತದೆ. 1979ರಲ್ಲಿ ಅವರನ್ನು ವಿಶ್ವಕಪ್ ತಂಡದಿಂದಲೂ ಇಂಗ್ಲೆಂಡ್ ಪ್ರವಾಸದಿಂದಲೂ ಕೈಬಿಟ್ಟರು. 1983ರಲ್ಲಿ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಜೊತೆ ಒಂಬತ್ತನೇ ವಿಕೆಟ್‌ಗೆ ಮುರಿಯದ 126 ರನ್ ಸೇರಿಸಿದಾಗ ಎಲ್ಲರೂ ಕಪಿಲ್‌ರ 175ನ್ನು ನೋಡಿದರು. ಇನ್ನೊಂದು ತುದಿ ಹಿಡಿದು ನಿಂತಿದ್ದವರು ಕಿರ್ಮಾನಿ.

ನೆರೆಯ ಹೈದರಾಬಾದಿನವರು ಇಲ್ಲಿ ತಮ್ಮ ಹಕ್ಕು ಮಂಡಿಸದೆ ಬಿಡುವುದಿಲ್ಲ. ಮುಹಮ್ಮದ್ ಅಝರುದ್ದೀನ್ 1984ರ ಕೊನೆಯಲ್ಲಿ ಕೋಲ್ಕತ್ತದಲ್ಲಿ 110, ನಂತರ ಚೆನ್ನೈಯಲ್ಲಿ 105, ಕಾನ್ಪುರದಲ್ಲಿ 122 ಗಳಿಸಿದರು. ಮೊದಲ ಮೂರು ಟೆಸ್ಟ್‌ಗಳಲ್ಲೂ ಶತಕ. ಟೆಸ್ಟ್ ಆಟದ ಮೊದಲ ಋತುವೆಂದರೆ ಇದಕ್ಕಿಂತ ಮಿಗಿಲಾದದ್ದನ್ನು ಭಾರತ ನೋಡಿಲ್ಲ, ಅದರಲ್ಲಿ ನನಗೆ ಸಂಶಯವಿಲ್ಲ. 2000ದಲ್ಲಿ ಮ್ಯಾಚ್ ಫಿಕ್ಸಿಂಗ್ ಆರೋಪದಲ್ಲಿ ಮಂಡಳಿ ಅವರಿಗೆ ಆಜೀವ ನಿಷೇಧ ಹೇರಿತು, 2012ರಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ಆ ನಿಷೇಧವನ್ನು ಕಾನೂನುಬಾಹಿರವೆಂದಿತು. ಆ ಹನ್ನೆರಡು ವರ್ಷ ಅವರ ಹೆಸರು ಬಂದಾಗಲೆಲ್ಲ ಕೆಲವರು ಆಟವನ್ನು ಬಿಟ್ಟು ಇಡೀ ಸಮುದಾಯದ ನಿಷ್ಠೆಯನ್ನು ವಿಚಾರಣೆಗೆ ಎಳೆಯುತ್ತಿದ್ದರು. ಅದೇ ಆರೋಪಕ್ಕೆ ಗುರಿಯಾದ ಬೇರೆಯವರ ವಿಷಯದಲ್ಲಿ ಹಾಗಾಗಲಿಲ್ಲ. 1985ರ ಆ ಮೂರು ಶತಕಗಳನ್ನು ಮಾತ್ರ ಯಾರೂ ಅಳಿಸಲಾರರು.

ಈಗ ನಮ್ಮ ಜಿಲ್ಲೆಗೆ ಬರೋಣ. ಜಾವಗಲ್ ಎಂದರೆ ಹೊಯ್ಸಳರ ಲಕ್ಷ್ಮೀನರಸಿಂಹ ಗುಡಿ, ಹಿಂದೂ-ಮುಸ್ಲಿಮರಿಬ್ಬರೂ ಹರಕೆ ಹೊತ್ತು ಹೋಗುವ ದರ್ಗಾ. ತೊಂಬತ್ತರ ದಶಕದಲ್ಲಿ ಊರಿನ ಹೆಸರು ದೇಶದ ರೇಡಿಯೊಗಳಲ್ಲೆಲ್ಲ ಕೇಳಿಬಂದದ್ದು ಇನ್ನೊಂದು ಕಾರಣಕ್ಕೆ. ಜಾವಗಲ್ ಶ್ರೀನಾಥ್ ಬೆಳೆದದ್ದು, ಓದಿದ್ದು ಮೈಸೂರಿನಲ್ಲಿ. ಮರಿಮಲ್ಲಪ್ಪ ಶಾಲೆ, ಆಮೇಲೆ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜು. ಕ್ಲಬ್ ಪಂದ್ಯವೊಂದರಲ್ಲಿ ಈ ಹುಡುಗನ ವೇಗವನ್ನು ಗುರುತಿಸಿದವರು ಅದೇ ಗುಂಡಪ್ಪ ವಿಶ್ವನಾಥ್. 1989-90ರಲ್ಲಿ ಹೈದರಾಬಾದ್ ವಿರುದ್ಧ ರಣಜಿಗೆ ಕಾಲಿಟ್ಟ ಶ್ರೀನಾಥ್ ಮೊದಲ ಇನಿಂಗ್ಸ್‌ನಲ್ಲೇ ಹ್ಯಾಟ್ರಿಕ್ ಪಡೆದರು. ಎರಡನೆಯ ಇನಿಂಗ್ಸ್‌ನಲ್ಲಿ ಮತ್ತೆ ಸತತ ಎರಡು ಎಸೆತಗಳಲ್ಲಿ ಎರಡು ವಿಕೆಟ್. ಋತು ಮುಗಿದಾಗ ಆರು ಪಂದ್ಯಗಳಿಂದ 25 ವಿಕೆಟ್.

ಅದೇ ಋತುವಿನಲ್ಲಿ, ಅದೇ ಹೈದರಾಬಾದ್ ವಿರುದ್ಧ ಅನಿಲ್ ಕುಂಬ್ಳೆಯೂ ರಣಜಿಗೆ ಬಂದರು. ನಾಲ್ಕು ವಿಕೆಟ್ ಪಡೆದರು, ಬ್ಯಾಟಿಂಗ್‌ನಲ್ಲಿ ಎರಡೂ ಸಲ ಸೊನ್ನೆ. ಮುಂದೆ 619 ಟೆಸ್ಟ್ ವಿಕೆಟ್ ಪಡೆಯುವವನ ಮೊದಲ ಪಂದ್ಯ ಹೀಗೆ ಸಾಧಾರಣವಾಗಿತ್ತು.

25 ವಿಕೆಟ್ ಎಂದರೆ ಪಂದ್ಯಕ್ಕೆ ನಾಲ್ಕರಷ್ಟೇ ಅಲ್ಲವೇ ಎಂದು ಕೇಳಬಹುದು. ಆದರೆ ಅದನ್ನು ಪಡೆದ ಬಗೆ ನೋಡಿ. ಕರ್ನಾಟಕ ಎಂದರೆ ಸ್ಪಿನ್ ಎಂದು ದೇಶ ಒಪ್ಪಿಕೊಂಡಿದ್ದ ಕಾಲ ಅದು. ಪ್ರಸನ್ನ-ಚಂದ್ರಶೇಖರ್ ಜೋಡಿಯ ನೆರಳು ಇನ್ನೂ ಉದ್ದವಾಗಿತ್ತು. ಹೊಸ ಚೆಂಡಿನ ಹೊಳಪು ತೆಗೆಯುವುದಷ್ಟೇ ವೇಗಿಗಳ ಕೆಲಸ ಎಂಬ ನಂಬಿಕೆಯಿತ್ತು. ಅಂಥಲ್ಲಿ ಒಬ್ಬ ಎಳೆಯ ಇಂಜಿನಿಯರಿಂಗ್ ವಿದ್ಯಾರ್ಥಿ ನಿಜವಾದ ವೇಗದಿಂದ ಸ್ಟಂಪ್ ಉರುಳಿಸಿದ. ಅಂದಿನ ಭಾರತಕ್ಕೆ ಆ ಬೆಲೆ ಪೂರ್ತಿ ತಿಳಿಯಲಿಲ್ಲ. 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಆಡಿದ ಶ್ರೀನಾಥ್‌ಗೆ ತವರಿನ ಮೊದಲ ಟೆಸ್ಟ್ ಸಿಕ್ಕಿದ್ದು 1994ರ ನವೆಂಬರ್‌ನಲ್ಲಿ. ಮೂರು ವರ್ಷ, ವೇಗಿಯ ಅತ್ಯುತ್ತಮ ಮೂರು ವರ್ಷ, ಸ್ಪಿನ್‌ಗೆಂದೇ ಸಿದ್ಧಪಡಿಸಿದ ಅಂಗಳಗಳ ಬದಿಯಲ್ಲಿ ಕಳೆದುಹೋಯಿತು. ಹಾಗಿದ್ದೂ 67 ಟೆಸ್ಟ್‌ಗಳಲ್ಲಿ 236 ವಿಕೆಟ್ ಪಡೆದರು.

ಅಂಕಿಗಳನ್ನಷ್ಟೇ ನಂಬುವವರು ಅಭಿಮನ್ಯು ಮಿಥುನ್‌ರನ್ನು ಆರಿಸಬೇಕು. ಡಿಸ್ಕಸ್ ಎಸೆಯುತ್ತಿದ್ದ ಈ ಹುಡುಗ ಹದಿನೇಳರ ಹೊತ್ತಿಗಷ್ಟೇ ಚರ್ಮದ ಚೆಂಡು ಹಿಡಿದವನು. 2009ರ ನವೆಂಬರ್‌ನಲ್ಲಿ ಮೀರತ್‌ನಲ್ಲಿ ಉತ್ತರಪ್ರದೇಶದ ವಿರುದ್ಧ ಮೊದಲ ಪಂದ್ಯ, ಅದರಲ್ಲಿ ಹ್ಯಾಟ್ರಿಕ್ ಸೇರಿ 11 ವಿಕೆಟ್. ಋತುವಿನ ಕೊನೆಗೆ 47 ವಿಕೆಟ್, ಇಡೀ ದೇಶದಲ್ಲಿ ಎಲ್ಲರಿಗಿಂತ ಹೆಚ್ಚು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಅಂಗಳದಲ್ಲಿ ಫೈನಲ್ ನಡೆಯಿತು. ಕರ್ನಾಟಕ ಮುಂಬೈಗೆ ಕೇವಲ ಆರು ರನ್‌ಗಳಿಂದ ಸೋತಿತು. ಆ ಸೋಲನ್ನು ನೆನೆದರೆ ಮೈಸೂರಿನವರು ಇಂದಿಗೂ ಮಾತು ಬದಲಿಸುತ್ತಾರೆ. ಮಿಥುನ್ ಅದೇ ವರ್ಷ ಟೆಸ್ಟ್ ಆಡಿದರು. ಒಟ್ಟು ಆಡಿದ್ದು ನಾಲ್ಕು. 2013-14ರಲ್ಲಿ ಕರುಣ್ ನಾಯರ್ ತಮ್ಮ ಮೊದಲ ರಣಜಿ ಋತುವಿನಲ್ಲಿ ಸತತ ಮೂರು ಪಂದ್ಯಗಳಲ್ಲಿ ಶತಕ ಹೊಡೆದರು, 1998-99ರ ನಂತರ ಮೊದಲ ಬಾರಿಗೆ ಕರ್ನಾಟಕ ರಣಜಿ ಗೆದ್ದಿತು. 2016ರಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಗಳಿಸಿಯೂ ಅವರು ಬೇಗನೆ ಮೂಲೆಗುಂಪಾದರು, ಮತ್ತೆ ಟೆಸ್ಟ್ ಆಡಲು 2025ರವರೆಗೆ ಕಾಯಬೇಕಾಯಿತು.

ಒಬ್ಬ ಆಟಗಾರನನ್ನು ಬಿಟ್ಟು ತಂಡವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದಾದರೆ ವಾದವೇ ಉಳಿಯುವುದಿಲ್ಲ. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. ಆ ಹೆಸರಿನ ಮೊದಲ ಋತುವಿನಲ್ಲೇ, ಪ್ರಸನ್ನರ ನಾಯಕತ್ವದಲ್ಲಿ, ಸತತ 15 ವರ್ಷ ರಣಜಿ ಗೆದ್ದಿದ್ದ ಬಾಂಬೆಯನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಹೊರಹಾಕಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಬಾರಿಗೆ ಕಪ್ ಎತ್ತಿತು. ಬಾಂಬೆ ವಿರುದ್ಧ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106.

ಆಟಗಾರರಲ್ಲಿ ನನ್ನ ಮತ ಶ್ರೀನಾಥ್‌ರಿಗೆ. ಮಿಥುನ್ ಹೆಚ್ಚು ವಿಕೆಟ್ ಪಡೆದರು, ನಿಜ. ಆದರೆ ಕರ್ನಾಟಕದ ವೇಗಿಯೊಬ್ಬ ಪಂದ್ಯ ಗೆಲ್ಲಿಸಬಲ್ಲ ಎಂಬ ನಂಬಿಕೆ ಮಿಥುನ್ ಬರುವ ಹೊತ್ತಿಗೆ ಊರೂರಲ್ಲಿ ಬೇರೂರಿತ್ತು. ಅದನ್ನು ಬಿತ್ತಿದ್ದು 1989-90ರ ಆ ಆರು ಪಂದ್ಯಗಳು.

ಅರಸೀಕೆರೆಯಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್ ಆ ನಂಬಿಕೆಯ ಕಾಲದ ಹುಡುಗ. 1995-96ರಲ್ಲಿ ಕೇರಳದ ವಿರುದ್ಧ ಪಂದ್ಯವೊಂದರಲ್ಲಿ ಹತ್ತು ವಿಕೆಟ್ ಪಡೆದು ಆಯ್ಕೆಗಾರರ ಕಣ್ಣಿಗೆ ಬಿದ್ದರು. 1996ರ ಅಕ್ಟೋಬರ್‌ನಲ್ಲಿ ಶ್ರೀನಾಥ್ ಗಾಯಗೊಂಡಾಗ ದೆಹಲಿಯಲ್ಲಿ ಆಸ್ಟ್ರೇಲಿಯ ವಿರುದ್ಧ ಅವರ ಜಾಗಕ್ಕೆ ಬಂದವರು ಜಾನ್ಸನ್. ಒಂದು ಹಾಸನ ಜಿಲ್ಲೆಯ ವೇಗಿಯ ಬದಲಿಗೆ ಇನ್ನೊಬ್ಬ. ಮೈಕೆಲ್ ಸ್ಲೇಟರ್ ಅವರ ಎಸೆತಕ್ಕೆ ಔಟಾದರು, ಸ್ಲಿಪ್‌ನಲ್ಲಿ ಕ್ಯಾಚ್ ಹಿಡಿದವರು ಅಝರುದ್ದೀನ್. ಡಿಸೆಂಬರ್‌ನಲ್ಲಿ ಡರ್ಬನ್‌ನಲ್ಲಿ ಇನ್ನೊಂದು ಟೆಸ್ಟ್, ಭಾರತ 100 ಮತ್ತು 66ಕ್ಕೆ ಕುಸಿದ ಪಂದ್ಯ ಅದು. ಜಾನ್ಸನ್‌ಗೆ ಎರಡು ವಿಕೆಟ್. ಅಲ್ಲಿಗೆ ಮುಗಿಯಿತು. ಅವರ ಮೊದಲ ಟೆಸ್ಟ್ ಋತುವೇ ಕೊನೆಯದೂ ಆಯಿತು. 39 ಪ್ರಥಮ ದರ್ಜೆ ಪಂದ್ಯಗಳಲ್ಲಿ 125 ವಿಕೆಟ್ ಪಡೆದ ಅವರು 2024ರ ಜೂನ್ 20ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ವಯಸ್ಸು 52.