ಗಣಿ ಎಂಬ ಗುಂಡಿ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲು ನಮ್ಮ ಊರಿಗಾಂನಲ್ಲಿ ನಿಲ್ಲುತ್ತದೆ. ಇಲ್ಲಿ ನೆಲದಡಿಯ ಗಣಿ ಕಣ್ಣಿಗೆ ಕಾಣುವುದಿಲ್ಲ. ಅದರಿಂದ ಹೊರಬಂದದ್ದು ಸೈನೈಡ್ ದಿಬ್ಬಗಳಾಗಿ ಕಾಣುತ್ತದೆ. ನಾನು ಪಿಎಚ್.ಡಿ.ಗೆ ಆರಿಸಿಕೊಂಡ ವಿಷಯ ವಿಶ್ಲೇಷಣಾತ್ಮಕ ತತ್ತ್ವಮೀಮಾಂಸೆ, ಅದರಲ್ಲೂ ಗುಂಡಿಗಳ ಪ್ರಶ್ನೆ. ಇದನ್ನು ಕೇಳಿ ತಾತ ನಕ್ಕಿದ್ದರು: "ಗುಂಡಿ ಇದೆಯೋ ಇಲ್ವೋ ಅಂತ ಓದೋಕೆ ಅಷ್ಟು ದೂರ ಹೋಗ್ಬೇಕಾ? ನಾನು ಮೂವತ್ತು ವರ್ಷ ಅದರೊಳಗೇ ಇದ್ದೆನಲ್ಲಪ್ಪಾ!"

ಪ್ರಶ್ನೆ ಅಷ್ಟು ಹಗುರವಲ್ಲ. 1970ರಲ್ಲಿ ಡೇವಿಡ್ ಲೂಯಿಸ್ ಮತ್ತು ಸ್ಟೆಫನಿ ಲೂಯಿಸ್ 'ಹೋಲ್ಸ್' ಎಂಬ ಸಂಭಾಷಣೆ ಪ್ರಕಟಿಸಿದರು. ಅದರಲ್ಲಿ ಆರ್ಗಲ್ ಭೌತವಾದಿ. ಜಡವಸ್ತುವಿನ ಹೊರತು ಬೇರೇನೂ ಇಲ್ಲವೆಂಬುದು ಅವನ ಪಕ್ಷ. ಹಾಗಾದರೆ ಚೀಸಿನಲ್ಲಿ ಕಾಣುವ ತೂತುಗಳೇನು ಎಂದು ಬಾರ್ಗಲ್ ಕೇಳುತ್ತಾನೆ. ತೂತೆಂದರೆ ಅದರ ಸುತ್ತಲಿನ ಒಳಪದರವೇ ಎನ್ನುತ್ತಾನೆ ಆರ್ಗಲ್. ಆದರೆ ಪದರವನ್ನು ತೆಳುವಾಗಿಯೂ ದಪ್ಪವಾಗಿಯೂ ಎಣಿಸಬಹುದು. ಆಗ ಒಂದೇ ತೂತು ಹಲವಾಗುತ್ತದೆ!

ಈ ವಾದವನ್ನು ನಮ್ಮೂರಿಗೆ ತನ್ನಿ. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಕೈಯಲ್ಲಿ ಬೆಳೆದ ಗಣಿಗಳಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಆರ್ಗಲ್ ಪ್ರಕಾರ ಇದೆಲ್ಲ ಬರೀ ಕಲ್ಲುಗೋಡೆ.

ಕಲ್ಲಿಗೇ ಬೆಲೆ ಬಂದ ಕಾಲವೂ ಇತ್ತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಂ.ಜಿ.ಕೆ. ಮೆನನ್, ನಂಜನಗೂಡಿನ ಬಿ.ವಿ. ಶ್ರೀಕಂಠನ್ ಮತ್ತಿತರರು ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳೊಡನೆ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನಿಟ್ಟರು. ಮೇಲಿನ ಬಂಡೆ ವಿಶ್ವಕಿರಣಗಳ ಗದ್ದಲವನ್ನು ತಡೆಯಿತು. 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳ ಗುರುತು ಸಿಕ್ಕಿತು. 1980ರ ದಶಕದಲ್ಲಿ ಪ್ರೋಟಾನ್ ಕ್ಷಯವನ್ನು ಹುಡುಕಿದರು. ಕೆಲವು ಸುಳಿವುಗಳು ಸಿಕ್ಕಂತಾದರೂ ಮುಂದಿನ ದೊಡ್ಡ ಪ್ರಯೋಗಗಳು ಅವನ್ನು ದೃಢಪಡಿಸಲಿಲ್ಲ. 'ಕಾಣಲಿಲ್ಲ' ಎಂಬುದೂ ಅಲ್ಲಿ ಜ್ಞಾನವೇ. ಮೀಮಾಂಸಕರಲ್ಲಿ ಕುಮಾರಿಲ ಭಟ್ಟನ ಪಂಥದವರು ಇದನ್ನು ಅನುಪಲಬ್ಧಿ ಎಂಬ ಪ್ರತ್ಯೇಕ ಪ್ರಮಾಣವಾಗಿ ಒಪ್ಪಿದ್ದರು. ಶ್ರೀಕಂಠನ್ ಮುಂದೆ ಬೆಂಗಳೂರಿನಲ್ಲಿ ವಿಜ್ಞಾನದ ತತ್ತ್ವಶಾಸ್ತ್ರದ ಕಡೆಗೆ ಹೊರಳಿದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ.

ವೈಶೇಷಿಕರು ಮೊದಲು ಆರು ಪದಾರ್ಥಗಳನ್ನು ಹೇಳಿದರು. ನಂತರದವರು ಅಭಾವವನ್ನು ಏಳನೆಯದಾಗಿ ಸೇರಿಸಿದರು. ಅವರಲ್ಲಿ 'ಇಲ್ಲ' ಎಂದರೆ ಸಾಲದು; ಏನು ಇಲ್ಲ, ಎಲ್ಲಿ ಇಲ್ಲ ಎಂದು ಹೇಳಬೇಕು. ಹುಟ್ಟುವ ಮುಂಚಿನ ಇಲ್ಲ ಪ್ರಾಗಭಾವ. ಅದಕ್ಕೆ ಆದಿಯಿಲ್ಲ, ಅಂತ್ಯವಿದೆ. ನಾಶವಾದ ನಂತರದ ಇಲ್ಲ ಪ್ರಧ್ವಂಸಾಭಾವ. ಅದಕ್ಕೆ ಆದಿಯಿದೆ, ಅಂತ್ಯವಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಗ ನನಗೆ ಮೂರು ವರ್ಷ. ಗಣಿ ಬರುವ ಮೊದಲೂ ಇಲ್ಲಿ ಗಣಿಕೆಲಸ ಇರಲಿಲ್ಲ, ಈಗಲೂ ಇಲ್ಲ. ಈ ಎರಡು 'ಇಲ್ಲ'ಗಳು ಒಂದೇ ಏನು? ಗೋಡೆಯ ಚರಿತ್ರೆ ಬೇರೆಯಾಯಿತಷ್ಟೆ ಎಂದು ಆರ್ಗಲ್ ಉತ್ತರಿಸಬಹುದು. ಆದರೆ ಆ ಚರಿತ್ರೆ ಹೇಳಲು ಹೊರಟರೆ 'ಇತ್ತು, ಈಗ ಇಲ್ಲ' ಎನ್ನದೆ ದಾರಿಯಿಲ್ಲ. ಬೆಳಗಿನ ಜಾವ ಬೆಂಗಳೂರಿನ ರೈಲಿಗೆ ಕಾಯುವ ನಮ್ಮೂರಿನ ಕೆಲಸಗಾರರನ್ನು ಆ ಪ್ಲಾಟ್‌ಫಾರ್ಮಿಗೆ ತಂದದ್ದು ಕಲ್ಲುಗೋಡೆಯಲ್ಲ, ಆ ಎರಡನೆಯ 'ಇಲ್ಲ'.

ಕಳೆದ ಸಲ ಊರಿಗೆ ಹೋದಾಗ ತಾತನಿಗೆ ಇದನ್ನೇ ವಿವರಿಸಿದೆ. ಕೊನೆಯವರೆಗೂ ಕೇಳಿ, ಅವರು ಹೇಳಿದ್ದು ಇಷ್ಟೇ: "ಹಾಗಾದ್ರೆ ಸರಿ, ಓದು."